ಜನಾಂಗವೇ ಇಲ್ಲ ಅಂದ್ರೆ ಜನಾಂಗಭೇದ ಎಲ್ಲಿಂದ ಬಂತು?

ಪ್ರಶ್ನೆ: ನನ್ನ ಮೂಲ ಉಡುಪಿ ಕಡೆ, ಹುಟ್ಟಿ ಬೆಳೆದದ್ದು ಮುಂಬಯಿ ಹತ್ತಿರದ ಡೊಂಬಿವಲಿ. ಈಗ ಪುಣೆಯ ವಾಕಡ್‌ನಲ್ಲಿ ಇದ್ದೇನೆ. ನಮ್ಮ ಸೊಸೈಟಿಯ ಸೆಕ್ರೆಟರಿ ನಾನೇ. ಕಳೆದ ತಿಂಗಳು ಒಬ್ಬ ಓನರ್ ತಮ್ಮ ಫ್ಲ್ಯಾಟನ್ನು ಇಬ್ಬರು ಆಫ್ರಿಕನ್ ವಿದ್ಯಾರ್ಥಿಗಳಿಗೆ ಬಾಡಿಗೆ ಕೊಡಲು ಹೊರಟರು. ಕಮಿಟಿ ಬೇಡ ಅಂದಿತು, ನಾನೂ ಸುಮ್ಮನಿದ್ದೆ. ಹಿಂದೊಮ್ಮೆ ಮಣಿಪುರದ ಹುಡುಗಿಯರಿಗೂ ಹೀಗೇ ಆಗಿತ್ತು. ಹಾಗಂತ ನಮ್ಮಲ್ಲಿ ವಿದೇಶಿಯರೇ ಇಲ್ಲ ಅಂತಲ್ಲ. ಚಾಕಣ್‌ನಲ್ಲಿ ಕೆಲಸ ಮಾಡುವ ಜರ್ಮನ್ ಎಂಜಿನಿಯರ್ ಒಬ್ಬರು ಏಳನೇ ಮಹಡಿಯಲ್ಲಿದ್ದಾರೆ. ಮನೆಯಲ್ಲಿ ಹೇಳಿದರೆ ಕಾಲೇಜಿಗೆ ಹೋಗುವ ಮಗಳು 'ಇದು ರೇಸಿಸಂ' ಅಂದಳು. ಹಿಂದೆಯೇ 'ರೇಸ್ ಅನ್ನೋದೇ ಇಲ್ಲ, ಅದು ಸಮಾಜ ಕಟ್ಟಿದ್ದು' ಅಂತಲೂ ಅಂದಳು. ಇಲ್ಲದ್ದರಿಂದ ಭೇದ ಹೇಗೆ ಹುಟ್ಟುತ್ತದೆ? ಕಣ್ಣಿಗೆ ಕಾಣುವ ವ್ಯತ್ಯಾಸ ಸುಳ್ಳಾ? ಚಿಕ್ಕಂದಿನಲ್ಲಿ ದಕ್ಷಿಣದವರಾದ ನಮ್ಮನ್ನು 'ಯಂಡುಗುಂಡು' ಅಂತ ಅಣಕಿಸುತ್ತಿದ್ದರು. ಅದೂ ಇದೂ ಒಂದೇನಾ?

ಉತ್ತರ: ಮಗಳು ಹೇಳಿದ್ದು ಸರಿ. ನಿಮ್ಮ ಕಣ್ಣೂ ಸುಳ್ಳು ಹೇಳಿಲ್ಲ. ತೊಡಕಿರುವುದು 'ಇಲ್ಲ' ಅನ್ನುವ ಮಾತಿನಲ್ಲಿ.

ನಾನು ವಿಜಯಪುರ ಜಿಲ್ಲೆಯವನು. ಪುಣೆಯ ಕಾಲೇಜೊಂದರಲ್ಲಿ ಮೂವತ್ತು ವರ್ಷ ಮಾನವಶಾಸ್ತ್ರ ಕಲಿಸಿದೆ. ಊರಿಗೆ ಹೋಗುವಾಗ ಪ್ರತಿ ಸಲ ಸೊಲ್ಲಾಪುರ ದಾಟುತ್ತೇನೆ. ಆ ದಾರಿಯಲ್ಲಿ ಮರಾಠಿ ಎಲ್ಲಿ ಮುಗಿಯಿತು, ಕನ್ನಡ ಎಲ್ಲಿ ಶುರುವಾಯಿತು ಅಂತ ಬೆರಳಿಟ್ಟು ತೋರಿಸಲು ಇವತ್ತಿಗೂ ನನಗೆ ಆಗಿಲ್ಲ. ಅಕ್ಕಲಕೋಟೆ, ಜತ್ತದ ಕಡೆ ಕನ್ನಡ ಶಾಲೆಗಳಿವೆ. ಗಡಿಯ ಕರ್ನಾಟಕದ ಬದಿಗೆ ಮನೆಮಾತು ಮರಾಠಿ ಇರುವ ಊರುಗಳಿವೆ. ಭಾಕರಿ ಹೋಗಿ ರೊಟ್ಟಿಯಾಗುತ್ತದೆ, ಹಿಟ್ಟು ಅದೇ ಜೋಳದ್ದು. ಆದರೂ 1956ರ ನವೆಂಬರ್ 1ಕ್ಕೆ ಅಲ್ಲೊಂದು ಗೆರೆ ಬಿತ್ತು. ಆಮೇಲೆ ರೇಷನ್ ಕಾರ್ಡು, ಮಕ್ಕಳ ಪಠ್ಯ, ಸರ್ಕಾರಿ ನೌಕರಿಯ ಪರೀಕ್ಷೆ, ಬಸ್ಸಿನ ಬೋರ್ಡು ಎಲ್ಲ ಬೇರೆಯಾದವು. ಆ ಗೆರೆ ಇದೆಯೋ ಇಲ್ಲವೋ? ಮಣ್ಣು ಅಗೆದರೆ ಸಿಗುವುದಿಲ್ಲ. ಆದರೆ 'ಅದೆಲ್ಲ ಸುಮ್ನೆ ಕಲ್ಪನೆ' ಅಂತ ಗಡಿ ಊರಿನ ರೈತನಿಗೆ ಹೇಳಿ ನೋಡಿ, ಏನಂತಾನೆ. ಜನಾಂಗವನ್ನು ಸಮಾಜ ಕಟ್ಟಿದೆ ಅಂದಾಗ ನಾವು ಹೇಳುವುದು ಇಷ್ಟನ್ನೇ.

ಮೊದಲು ಮಣ್ಣಿನ ಕಡೆ ನೋಡೋಣ, ಅಂದರೆ ದೇಹದ ಕಡೆ. ಚರ್ಮದ ಬಣ್ಣ ಬಹುಪಾಲು ಬಿಸಿಲಿನ ಲೆಕ್ಕ. ಬಿಸಿಲು ಜಾಸ್ತಿ ಇರುವಲ್ಲಿ ಕಪ್ಪು ಚರ್ಮ ಮೈಯೊಳಗಿನ ಫೋಲೇಟ್ ಎಂಬ ವಿಟಮಿನ್ ಹಾಳಾಗದಂತೆ ಕಾಯುತ್ತದೆ. ಬಿಸಿಲು ಕಡಿಮೆ ಇರುವಲ್ಲಿ ತಿಳಿ ಚರ್ಮಕ್ಕೆ ವಿಟಮಿನ್ ಡಿ ಮಾಡಿಕೊಳ್ಳುವುದು ಸುಲಭ. ಹಾಗಾಗಿ ಒಂದೇ ಥರದ ಬಿಸಿಲಿನಲ್ಲಿ ಸಾವಿರಾರು ವರ್ಷ ಬಾಳಿದವರ ಬಣ್ಣ ಹೋಲಬಹುದು. ಅವರು ನೆಂಟರಾಗಿರಬೇಕು ಅಂತೇನಿಲ್ಲ. ಪಪುವಾ ನ್ಯೂಗಿನಿಯ ಜನ ಕಪ್ಪಗಿದ್ದಾರೆ, ಗುಂಗುರು ಕೂದಲಿನವರು. ನೋಡಿದವರು ಆಫ್ರಿಕನ್ ಅಂತಲೇ ಅಂದುಕೊಳ್ಳುತ್ತಾರೆ. ವಂಶವಾಹಿ ನೋಡಿದರೆ ಅವರು ಆಫ್ರಿಕದವರಿಗಿಂತ ಏಷ್ಯಾದವರಿಗೇ ಹತ್ತಿರ.

ಬಣ್ಣ ತಿಳಿಯಾಗಿಸುವ ಒಂದು ವಂಶವಾಹಿಯ ಗುಟ್ಟು 2005ರಲ್ಲಿ ಬಿಟ್ಟಿತು, ಅದೂ ಒಂದು ಪುಟ್ಟ ಜೀಬ್ರಾ ಮೀನಿನಿಂದ. ಅದರ ಹೆಸರು ಎಸ್‌ಎಲ್‌ಸಿ24ಎ5. ಅದರ ತಿಳಿ ರೂಪ ಯುರೋಪಿನಲ್ಲಿ ಹೆಚ್ಚುಕಡಿಮೆ ಎಲ್ಲರಲ್ಲೂ ಇದೆ. ನಮ್ಮಲ್ಲೂ ಬಹಳ ಜನರಲ್ಲಿದೆ. ಒಂದೇ ಮನೆಯಲ್ಲಿ ಅಕ್ಕನಿಗೆ ಬಂದು ತಂಗಿಗೆ ಬರದೆ ಇರಬಹುದು. ಹಾಗಾದರೆ ಅಕ್ಕ ತಂಗಿ ಬೇರೆ ಬೇರೆ ಜನಾಂಗವಾ? ಹೆಣ್ಣು ನೋಡಲು ಬಂದವರು ಮಾತ್ರ ಹಾಗೇ ನಡೆದುಕೊಳ್ಳುತ್ತಾರೆ, ಆ ಮಾತು ಬೇರೆ.

1972ರಲ್ಲಿ ರಿಚರ್ಡ್ ಲೆವಾಂಟಿನ್ ಎಂಬ ಅಮೆರಿಕದ ವಿಜ್ಞಾನಿ ಲೆಕ್ಕ ಹಾಕಿ ನೋಡಿದ. ಮನುಷ್ಯರ ನಡುವಿನ ವಂಶವಾಹಿ ವ್ಯತ್ಯಾಸದಲ್ಲಿ ಶೇಕಡ 85ರಷ್ಟು ಒಂದೇ ಜನಸಮೂಹದ ಒಳಗೇ ಸಿಕ್ಕಿತು. 'ಜನಾಂಗ'ಗಳ ನಡುವೆ ಉಳಿದದ್ದು ಬಹಳ ಸಣ್ಣ ಪಾಲು. ಆಮೇಲಿನ ಅಧ್ಯಯನಗಳೂ ಇದನ್ನೇ ಗಟ್ಟಿಮಾಡಿದವು. ಊರಿಂದ ಊರಿಗೆ ವ್ಯತ್ಯಾಸ ಇದ್ದೇ ಇದೆ. ಪೂರ್ವಿಕರು ಯಾವ ಕಡೆಯವರು ಅಂತ ರಕ್ತ ಪರೀಕ್ಷಿಸಿ ಒಂದು ಮಟ್ಟಿಗೆ ಹೇಳಲೂಬಹುದು. ಆದರೆ ಅದು ಸೊಲ್ಲಾಪುರದ ದಾರಿಯ ಹಾಗೆ ನಿಧಾನಕ್ಕೆ ಬದಲಾಗುತ್ತ ಹೋಗುತ್ತದೆ.

'ಕೆಲವು ರೋಗ ಕೆಲವು ಜನಾಂಗಕ್ಕೇ ಬರುತ್ತಲ್ಲ' ಅಂತ ಡಾಕ್ಟರ್ ಗೆಳೆಯರು ಕೇಳುತ್ತಾರೆ. ಕೆಂಪು ರಕ್ತಕಣ ಕುಡಗೋಲಿನ ಹಾಗೆ ಬಾಗುವ ಕುಡಗೋಲು ಕಣ ರೋಗ (ಸಿಕಲ್ ಸೆಲ್) ಕಪ್ಪು ಜನರ ಕಾಯಿಲೆ ಅಂತ ಅಮೆರಿಕದಲ್ಲಿ ಹೇಳುತ್ತಿದ್ದರು. ಅದು ನಮ್ಮ ಗಡಚಿರೋಲಿ, ನಂದುರಬಾರದ ಆದಿವಾಸಿಗಳಲ್ಲಿದೆ, ಗ್ರೀಸಿನ ಕೆಲವು ಕಡೆಯೂ ಇದೆ. ಆ ವಂಶವಾಹಿ ಅಪ್ಪ ಅಮ್ಮನಲ್ಲಿ ಒಬ್ಬರಿಂದ ಮಾತ್ರ ಬಂದರೆ ಮಲೇರಿಯಾದಿಂದ ಕಾಯುತ್ತದೆ. ಹಾಗಾಗಿ ಅದು ಮಲೇರಿಯಾ ಇದ್ದ ನಾಡುಗಳ ಗುರುತು, ಬಣ್ಣದ್ದಲ್ಲ.

ಇನ್ನು ಗೆರೆ ಎಳೆಯುವ ಕೈಗಳ ಕಥೆ. ಇಲ್ಲಿ ಹೇಳುವುದು ಬಹಳ ಇದೆ. ಅಮೆರಿಕದ ಜನಗಣತಿಯನ್ನೇ ನೋಡಿ. 1920ರಿಂದ 1940ರವರೆಗೆ ಅಲ್ಲಿ 'ಹಿಂದೂ' ಅನ್ನುವುದು ಒಂದು ಜನಾಂಗ. ಭಾರತದಿಂದ ಹೋದ ಸಿಖ್ಖರೂ ಮುಸ್ಲಿಮರೂ ಅದೇ ಕಾಲಂನಲ್ಲಿ. 1970ರಲ್ಲಿ ಅದೇ ಭಾರತೀಯರನ್ನು 'ಬಿಳಿಯರು' ಅಂತ ಎಣಿಸಿದರು. 1980ಕ್ಕೆ 'ಏಷ್ಯನ್ ಇಂಡಿಯನ್' ಆಯಿತು. ಅಜ್ಜ ಒಬ್ಬನೇ, ಮೈಬಣ್ಣವೂ ಅದೇ, ಜನಾಂಗ ಮಾತ್ರ ಮೂರು. 1923ರಲ್ಲಿ ಭಗತ್ ಸಿಂಗ್ ಥಿಂದ್ ಎಂಬ ಪಂಜಾಬಿಯ ಪೌರತ್ವದ ಪ್ರಕರಣ ಅಲ್ಲಿನ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ವಿದ್ವಾಂಸರ ಪಟ್ಟಿ ಪ್ರಕಾರ ನಾನು ಯುರೋಪಿನವರೂ ಸೇರುವ 'ಕಕೇಷಿಯನ್' ಜನಾಂಗದವನು, ಹಾಗಾಗಿ ಬಿಳಿಯ ಅನ್ನುವುದು ಅವನ ವಾದ. ವಿದ್ವಾಂಸರ ಮಾತು ಏನೇ ಇರಲಿ, ಸಾಮಾನ್ಯ ಮನುಷ್ಯನ ತಿಳಿವಳಿಕೆಯಲ್ಲಿ ನೀನು ಬಿಳಿಯನಲ್ಲ ಅಂತ ಕೋರ್ಟು ಅವನನ್ನು ಹೊರಗಿಟ್ಟಿತು. ಜನಾಂಗ ಅಂದರೆ ನೋಡುವವರ ತೀರ್ಮಾನ ಅಂತ ಇದಕ್ಕಿಂತ ಸ್ಪಷ್ಟವಾಗಿ ನಾನೂ ತರಗತಿಯಲ್ಲಿ ಹೇಳಿರಲಿಲ್ಲ. ದಕ್ಷಿಣ ಆಫ್ರಿಕದಲ್ಲಿ 1950ರ ಕಾಯ್ದೆ ಎಲ್ಲರಿಗೂ ಜನಾಂಗದ ಚೀಟಿ ಅಂಟಿಸಿತು. ಅನುಮಾನ ಬಂದರೆ ತಲೆಗೂದಲಿಗೆ ಪೆನ್ಸಿಲ್ ಸಿಕ್ಕಿಸಿ ನೋಡುತ್ತಿದ್ದರು, ನಿಲ್ಲುತ್ತದೋ ಬೀಳುತ್ತದೋ ಅಂತ.

ನಮ್ಮ ದಖ್ಖನಿಗೆ ಬನ್ನಿ. ಮಲಿಕ್ ಅಂಬರ್ ಇಥಿಯೋಪಿಯದಲ್ಲಿ ಹುಟ್ಟಿದವನು, ಗುಲಾಮನಾಗಿ ಮಾರಾಟವಾದವನು. ಅಹಮದನಗರದ ನಿಜಾಮಶಾಹಿಯನ್ನು ಆಳಿದ್ದು ಕೊನೆಗೆ ಅವನೇ. ಆಮೇಲೆ ಔರಂಗಾಬಾದ್ ಆದ ಖಡಕಿ ಊರನ್ನು ಕಟ್ಟಿದವನೂ ಅವನೇ. ನಮ್ಮ ವಿಜಯಪುರದ ಆದಿಲ್‌ಶಾಹಿಯಲ್ಲಿ ಇಖ್ಲಾಸ್ ಖಾನ್ ಎಂಬ ಹಬ್ಶಿ, ಅಂದರೆ ಆಫ್ರಿಕ ಮೂಲದವನು, ದೊಡ್ಡ ಮಂತ್ರಿ. ಆಗ ಆಸ್ಥಾನದಲ್ಲಿ ಪಂಗಡ, ಜಗಳ ಇರಲಿಲ್ಲ ಅಂತಲ್ಲ, ಕತ್ತಿ ಹಿರಿಯುವಷ್ಟು ಇತ್ತು. ಆದರೆ ಗೆರೆ ಬೇರೆ ಕಡೆ ಬಿದ್ದಿತ್ತು. ಒಂದು ಕಡೆ ಇಲ್ಲೇ ನೆಲೆನಿಂತ 'ದಖನಿ'ಗಳು, ಇನ್ನೊಂದು ಕಡೆ ಇರಾನ್ ಕಡೆಯಿಂದ ಹೊಸದಾಗಿ ಬಂದ 'ಪರದೇಸಿ'ಗಳು. ಕಪ್ಪು ಮೈಯ ಹಬ್ಶಿಗಳು ನಿಂತಿದ್ದು ದಖನಿಗಳ ಜೊತೆ! ಬೆಳ್ಳಗಿದ್ದವರೇ ಹೊರಗಿನವರು. ಬಣ್ಣದ ಬೈಗುಳ ಆಗಲೂ ಇತ್ತು. ಜಹಾಂಗೀರ್ ತನ್ನ ಆತ್ಮಕಥೆಯಲ್ಲಿ ಅಂಬರನ ಬಣ್ಣ ಎತ್ತಿ ಹೀನಾಯವಾಗಿ ಬರೆದಿದ್ದಾನೆ. ಬೈಗುಳ ಇತ್ತು, ರಿಜಿಸ್ಟರ್ ಇರಲಿಲ್ಲ.

ರಿಜಿಸ್ಟರ್ ತಂದದ್ದು ಬ್ರಿಟಿಷರು. 1901ರ ಜನಗಣತಿಯ ಕಮಿಷನರ್ ಹರ್ಬರ್ಟ್ ರಿಸ್ಲೆ ಜನರ ಮೂಗು ಅಳೆಸಿದ. ಮೂಗಿನ ಅಗಲವನ್ನು ಉದ್ದದಿಂದ ಭಾಗಿಸಿ ನೂರರಿಂದ ಗುಣಿಸುವುದು, ಇಷ್ಟೇ ವಿದ್ಯೆ. ಮೂಗು ಅಗಲವಾದಷ್ಟೂ ಜಾತಿ ಕೆಳಗೆ ಅಂತ ಅವನ ಸಿದ್ಧಾಂತ. 1932ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞ ಜಿ. ಎಸ್. ಘುರ್ಯೆ ಅದೇ ಅಂಕಿಗಳನ್ನು ಮತ್ತೆ ಕೂಡಿ ಕಳೆದು ನೋಡಿದರು. ಉತ್ತರ ಹಿಂದೂಸ್ತಾನ ಬಿಟ್ಟರೆ ಮುಂಬಯಿ, ಮದ್ರಾಸ್ ಕಡೆಗೆಲ್ಲ ಮೂಗಿಗೂ ಜಾತಿಯ ಮೆಟ್ಟಿಲಿಗೂ ತಾಳೆಯೇ ಆಗಲಿಲ್ಲ.

ಇರಾವತಿ ಕರ್ವೆಯವರ ಕಥೆಯನ್ನಂತೂ ಹೇಳಲೇಬೇಕು. ಮಾನವಶಾಸ್ತ್ರಜ್ಞೆ, ಪುಣೆಯ ಡೆಕ್ಕನ್ ಕಾಲೇಜಿನ ಹೆಮ್ಮೆ ಅವರು. 1920ರ ದಶಕದ ಕೊನೆಗೆ ಪಿಎಚ್‌ಡಿಗೆ ಬರ್ಲಿನ್‌ಗೆ ಹೋದರು. ಮಾರ್ಗದರ್ಶಕ ಆಯ್ಗನ್ ಫಿಷರ್. ಮುಂದೆ ನಾಜಿಗಳ ಜನಾಂಗ ನೀತಿಗೆ ವಿಜ್ಞಾನದ ಮುದ್ರೆ ಒತ್ತಿದವರಲ್ಲಿ ಈತನೂ ಒಬ್ಬ. ತಲೆಬುರುಡೆಯ ಎಡಬಲ ಒಂದೇ ಸಮ ಇರುವುದಿಲ್ಲ, ಆ ಓರೆಯಲ್ಲಿ ಬಿಳಿಯರ ಬುದ್ಧಿಯ ಹೆಚ್ಚುಗಾರಿಕೆ ಇದೆ ಅಂತ ಅವನ ಊಹೆ. ಅದನ್ನು ಸಾಧಿಸುವ ಕೆಲಸ ಈ ಹುಡುಗಿಯ ಪಾಲಿಗೆ ಬಂತು. ಆಫ್ರಿಕದಿಂದ ತಂದ ಬುರುಡೆಗಳೂ ಅಲ್ಲಿದ್ದವು. ಇರಾವತಿ ಕೂತು ಅಳೆದರು. ಓರೆಗೂ ಜನಾಂಗಕ್ಕೂ ಯಾವ ಸಂಬಂಧವೂ ಸಿಗಲಿಲ್ಲ. ಸಿಗಲಿಲ್ಲ ಅಂತಲೇ ಬರೆದುಕೊಟ್ಟರು. ಗುರುವಿನ ಊರಿನಲ್ಲಿ, ಗುರುವಿನ ಕೈಯಲ್ಲಿ ಡಿಗ್ರಿ ಇರುವಾಗ, ಇಪ್ಪತ್ತರ ಹರೆಯದಲ್ಲಿ. ನಾನಾಗಿದ್ದರೆ ಒಂದೆರಡು ಬುರುಡೆ ಮತ್ತೆ ಅಳೆಯುತ್ತಿದ್ದೆನೇನೋ.

ತಮಾಷೆ ಏನೆಂದರೆ, ಮರಳಿ ಬಂದ ಮೇಲೂ ಅವರು ಅಳತೆಪಟ್ಟಿ ಕೆಳಗಿಡಲಿಲ್ಲ. ಮಹಾರಾಷ್ಟ್ರದ ಜಾತಿಗಳನ್ನು ವರ್ಷಗಟ್ಟಲೆ ಅಳೆದರು. ಸಿಕ್ಕಿದ್ದು ಮತ್ತೆ ಅದೇ ಥರದ್ದು. ಕುಂಬಾರ ಅನ್ನುವ ಒಂದೇ ಹೆಸರಿನ ಕೆಳಗಿರುವ ಪಂಗಡಗಳೇ ಒಂದಕ್ಕೊಂದು ಹೋಲುತ್ತಿರಲಿಲ್ಲ.

ಇಷ್ಟೆಲ್ಲ ಪಾಠ ಮಾಡಿದ ನನ್ನ ಕಥೆ ಕೇಳಿ. ಕೆಲವು ವರ್ಷಗಳ ಹಿಂದೆ ಸ್ವಾರಗೇಟ್ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದೆ. ಗುಂಗುರು ಕೂದಲಿನ ಕಪ್ಪು ಹುಡುಗನೊಬ್ಬ ಬಂದು ಏನೋ ಕೇಳಿದ. ನಾನು ಇಂಗ್ಲಿಷಿನಲ್ಲಿ 'ಗೊತ್ತಿಲ್ಲ' ಅಂದೆ. ಅವನು ನಕ್ಕ. 'ಸರ್, ನಾ ಕನ್ನಡದಾಗೇ ಕೇಳಿದ್ನಿ. ಹುಬ್ಬಳ್ಳಿ ಬಸ್ ಎಲ್ಲಿ ನಿಲ್ತದ್ರಿ?' ಯಲ್ಲಾಪುರ ಕಡೆಯ ಸಿದ್ದಿ ಹುಡುಗ. ನನ್ನ ಕೈಯಲ್ಲಿ ಕನ್ನಡ ಪೇಪರ್ ನೋಡಿ ಬಂದಿದ್ದ! ಅವನ ಬಾಯಿಂದ ಬಂದ ಕನ್ನಡ ನನ್ನ ಕಿವಿಗೆ ಬೀಳುವ ಮೊದಲೇ ನನ್ನ ಕಣ್ಣು ಅವನನ್ನು ಬೇರೆ ಖಂಡಕ್ಕೆ ಕಳಿಸಿಯಾಗಿತ್ತು. ಸಿದ್ದಿಗಳ ಪೂರ್ವಿಕರಲ್ಲಿ ಬಹಳ ಜನರನ್ನು ಪೋರ್ಚುಗೀಸರು ಆಫ್ರಿಕದಿಂದ ಗುಲಾಮರಾಗಿ ಗೋವಾಕ್ಕೆ ತಂದರು. ತಪ್ಪಿಸಿಕೊಂಡವರು, ಬಿಡುಗಡೆಯಾದವರು ಉತ್ತರ ಕನ್ನಡದ ಕಾಡು ಸೇರಿದರು. ನೂರಾರು ವರ್ಷದ ಕನ್ನಡ, ಕೊಂಕಣಿ ಅವರದು. 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದರು. ಆದರೂ ಪುಣೆಯಲ್ಲಿ ಮನೆ ಕೇಳಲು ಹೋದರೆ ಆ ಹುಡುಗ ಮೊದಲು ಆಧಾರ್ ಕಾರ್ಡ್ ತೋರಿಸಬೇಕು, ಆಮೇಲೆ ಹೆಸರು ಹೇಳಬೇಕು.

ಈಗ ಯಂಡುಗುಂಡು. 1966ರಲ್ಲಿ ಶಿವಸೇನೆ ಶುರುವಾದ ಮೇಲೆ 'ಬಜಾವೊ ಪುಂಗಿ, ಹಟಾವೊ ಲುಂಗಿ' ಅನ್ನುವ ಘೋಷಣೆ ಮುಂಬಯಿಯ ಬೀದಿಗೆ ಬಂತು. ಉಡುಪಿ ಹೋಟೆಲುಗಳಿಗೆ ಕಲ್ಲು ಬಿತ್ತು. ತುಳು, ಕನ್ನಡ, ತಮಿಳು, ಮಲಯಾಳ ಎಲ್ಲ ಸೇರಿ ಒಂದೇ ಡಬ್ಬಿ, ಅದಕ್ಕೆ 'ಮದ್ರಾಸಿ' ಅಂತ ಚೀಟಿ. ಡಬ್ಬಿ ಹೇಗೆ ತಯಾರಾಗುತ್ತದೆ ಅಂತ ನೋಡಲು ಇದಕ್ಕಿಂತ ಒಳ್ಳೆ ಉದಾಹರಣೆ ಬೇಡ. ನೌಕರಿಯ ಜಗಳ ಇತ್ತು, ಅದಕ್ಕೊಂದು ಗುರುತು ಬೇಕಿತ್ತು, ಲುಂಗಿ ಸಿಕ್ಕಿತು. ಕಾರ್ಖಾನೆ ಒಂದೇ. ಆದರೆ ಸರಕು ಒಂದೇ ಅಲ್ಲ. ನಿಮ್ಮಪ್ಪ ಪ್ಯಾಂಟು ಹಾಕಿಕೊಂಡು ಮರಾಠಿ ಮಾತಾಡಿದರೆ ಲೋಕಲ್ ಟ್ರೇನಿನಲ್ಲಿ ಯಾರಿಗೂ ಗೊತ್ತಾಗುತ್ತಿರಲಿಲ್ಲ. ನೀವು ಈಗ ಸೊಸೈಟಿಯ ಸೆಕ್ರೆಟರಿ. ಕಪ್ಪು ಹುಡುಗ ಚರ್ಮ ಕಳಚಿಟ್ಟು ಫ್ಲ್ಯಾಟ್ ನೋಡಲು ಬರುವಂತಿಲ್ಲ.

ನೋವು ಉಂಡವರು ನೋವು ಕೊಡುವುದಿಲ್ಲ ಅಂತ ನಾನೂ ಒಂದು ಕಾಲದಲ್ಲಿ ನಂಬಿದ್ದೆ. ಗೋವಾದಲ್ಲಿ ನಮ್ಮ ಗದಗ, ಕೊಪ್ಪಳ, ಬಾಗಲಕೋಟೆ ಕಡೆಯ ಕೂಲಿಗಳನ್ನು 'ಘಾಟಿ' ಅಂತಾರೆ, ಘಟ್ಟದ ಆಚೆಯವರು ಅಂತ ಹೀಯಾಳಿಸಿ. ವಾಸ್ಕೋದಲ್ಲಿ ನಮ್ಮ ಕಡೆಯ ಒಬ್ಬ ಗುತ್ತಿಗೆದಾರರು ಆ ಶಬ್ದ ಹೇಳುವಾಗ ಕಣ್ಣಲ್ಲಿ ನೀರು ತಂದುಕೊಂಡರು. ಚಹಾ ಮುಗಿಯುವ ಮೊದಲೇ ನೈಜೀರಿಯದವರ ಬಗ್ಗೆ ಅದೇ ದನಿಯಲ್ಲಿ ಶುರು ಮಾಡಿದರು. 2013ರ ಅಕ್ಟೋಬರಿನಲ್ಲಿ ಗೋವಾದಲ್ಲಿ ಒಬ್ಬ ನೈಜೀರಿಯನ್ ಕೊಲೆಯಾಗಿ, ಅವನ ದೇಶದವರು ಪರ್ವರಿಯಲ್ಲಿ ಹೆದ್ದಾರಿ ತಡೆದಿದ್ದರು. ಕೊಲೆ ಮಾಡಿದವರ ಮಾತು ಬದಿಗೆ ಹೋಗಿ, ಇವರಿಗೆ ಮನೆ ಬಾಡಿಗೆ ಕೊಡಬೇಡಿ ಅನ್ನುವ ಮಾತೇ ದೊಡ್ಡದಾಯಿತು.

ಜಾತಿಯೂ ಇದೇನಾ ಅಂತ ನೀವು ಕೇಳಿಲ್ಲ, ಆದರೆ ಮಗಳು ಕೇಳಿಯೇ ಕೇಳುತ್ತಾಳೆ. ಕನ್ನಡದಲ್ಲಂತೂ ಗೊಂದಲ ಜಾಸ್ತಿ. ಪೇಪರಿನಲ್ಲಿ ಜಾತಿಗೂ 'ಜನಾಂಗ' ಅಂತಲೇ ಬರೆಯುತ್ತೇವೆ. ಇಂಗ್ಲಿಷಿನ 'ಕಾಸ್ಟ್' ಕೂಡ ಪೋರ್ಚುಗೀಸರ 'ಕಾಸ್ತಾ'ದಿಂದ ಬಂದದ್ದು, ತಳಿ ಅಂತ ಅರ್ಥ. ಅಂಬೇಡ್ಕರ್ 1936ರಲ್ಲೇ ಇದನ್ನು ಬಿಡಿಸಿಟ್ಟರು. ಪಂಜಾಬಿನ ಬ್ರಾಹ್ಮಣನೂ ಪಂಜಾಬಿನ ದಲಿತನೂ ಒಂದೇ ಮೂಲದವರು, ಮದ್ರಾಸಿನಲ್ಲೂ ಹಾಗೇ, ಜಾತಿ ಅನ್ನುವುದು ಒಂದೇ ಜನರ ನಡುವೆ ಹಾಕಿದ ಸಾಮಾಜಿಕ ಗೋಡೆ ಅಂದರು. 2001ರಲ್ಲಿ ಜನಾಂಗಭೇದದ ವಿರುದ್ಧ ವಿಶ್ವಸಂಸ್ಥೆ ನಡೆಸಿದ ಡರ್ಬನ್ ಸಮ್ಮೇಳನದಲ್ಲಿ ನಮ್ಮ ಸರ್ಕಾರ 'ಜಾತಿ ಜನಾಂಗವಲ್ಲ' ಅಂತ ವಾದಿಸಿತು. ಮಾತು ಸರಿ, ಉದ್ದೇಶ ಬೇರೆ. ಚರ್ಚೆಯಿಂದ ಜಾರಿಕೊಳ್ಳುವ ದಾರಿ ಅದು ಅಂತ ನನ್ನ ಅಭಿಪ್ರಾಯ. ಮರುವರ್ಷವೇ ವಿಶ್ವಸಂಸ್ಥೆಯ ಸಮಿತಿ, ಹುಟ್ಟಿನಿಂದ ಬರುವ ಭೇದ ಅಂದರೆ ಜಾತಿಯೂ ಸೇರಿತು ಅಂತ ಸ್ಪಷ್ಟ ಮಾಡಿತು.

ಇವತ್ತು ಯಾರೂ ಮೂಗು ಅಳೆಯುವುದಿಲ್ಲ. 'ಅವರ ಅಡುಗೆ ವಾಸನೆ', 'ಓನ್ಲಿ ವೆಜ್', 'ಫ್ಯಾಮಿಲಿಗೆ ಮಾತ್ರ' ಅಂದರೆ ಸಾಕು. ಮುಂಬಯಿಯಲ್ಲಿ ಮನೆ ಹುಡುಕಿದ ಮುಸ್ಲಿಮರನ್ನು, ದಲಿತರನ್ನು ಕೇಳಿ, ಬ್ರೋಕರ್ ಮೊದಲು ಕೇಳುವುದು ಪೂರ್ತಿ ಹೆಸರು. 2007ರಲ್ಲಿ ಸುಖದೇವ್ ಥೋರಟ್ ಮತ್ತು ಪಾಲ್ ಆಟ್‌ವೆಲ್ ಎಂಬ ಸಂಶೋಧಕರು ಒಂದು ಪ್ರಯೋಗ ಪ್ರಕಟಿಸಿದರು. ಖಾಸಗಿ ಕಂಪನಿಗಳಿಗೆ ಒಂದೇ ಥರದ ಅರ್ಹತೆಯ ಅರ್ಜಿ, ಹೆಸರು ಮಾತ್ರ ಬೇರೆ. ಮೇಲ್ಜಾತಿ ಹೆಸರಿಗೆ ಹೋಲಿಸಿದರೆ ಕರೆ ಬರುವ ಸಾಧ್ಯತೆ ದಲಿತ ಹೆಸರಿಗೆ ಮೂರನೇ ಎರಡು ಪಾಲು, ಮುಸ್ಲಿಂ ಹೆಸರಿಗೆ ಮೂರನೇ ಒಂದು ಪಾಲು. ಆ ಆಫೀಸುಗಳಲ್ಲಿ ಯಾರನ್ನೇ ಕೇಳಿ, 'ನಮ್ಮಲ್ಲಿ ಭೇದವೇ ಇಲ್ಲ' ಅಂತಾರೆ, ಸುಳ್ಳು ಹೇಳುತ್ತಿದ್ದೇವೆ ಅಂತ ಅವರಿಗೂ ಅನಿಸುವುದಿಲ್ಲ.

ಯಂತ್ರಗಳೂ ಕಲಿತಿವೆ. ಮುಖ ನೋಡಿ ಗಂಡೋ ಹೆಣ್ಣೋ ಹೇಳುವ ತಂತ್ರಾಂಶಗಳನ್ನು 2018ರಲ್ಲಿ ಪರೀಕ್ಷಿಸಿದಾಗ ಬಿಳಿ ಗಂಡಸರಲ್ಲಿ ತಪ್ಪು ಶೇಕಡ 0.8ರ ಆಚೆಗೆ ಹೋಗಲಿಲ್ಲ, ಕಪ್ಪು ಹೆಂಗಸರಲ್ಲಿ ಶೇಕಡ 34.7ರವರೆಗೆ ಹೋಯಿತು. ಕೋವಿಡ್ ಕಾಲದಲ್ಲಿ ನಾವೆಲ್ಲ ಬೆರಳಿಗೆ ಸಿಕ್ಕಿಸಿಕೊಂಡ ಆಕ್ಸಿಮೀಟರ್ ಇದೆಯಲ್ಲ, ಅದು ಆಮ್ಲಜನಕ ಇಳಿದದ್ದನ್ನು ಹಿಡಿಯದೆ ಬಿಡುವುದು ಬಿಳಿ ರೋಗಿಗಳಿಗಿಂತ ಕಪ್ಪು ರೋಗಿಗಳಲ್ಲಿ ಸುಮಾರು ಮೂರು ಪಟ್ಟು ಜಾಸ್ತಿ ಅಂತ 2020ರಲ್ಲಿ ಅಮೆರಿಕದಲ್ಲಿ ಗೊತ್ತಾಯಿತು. ಯಾರಿಗೂ ಕೆಟ್ಟ ಮನಸ್ಸಿರಲಿಲ್ಲ. ಪರೀಕ್ಷೆಗೆ ಕರೆದವರಲ್ಲಿ ಬಿಳಿ ಬೆರಳೇ ಜಾಸ್ತಿ ಇತ್ತು, ಅಷ್ಟೇ.

ಕೊನೆಗೆ ನಿಮ್ಮ ಸೊಸೈಟಿ. ಕಾನೂನಿನ ಆಸರೆ ಇಲ್ಲಿ ತೆಳ್ಳಗಿದೆ ಅಂತ ಹೇಳಲೇಬೇಕು. ಸಂವಿಧಾನದ 15ನೇ ವಿಧಿ ಅಂಗಡಿ, ಹೋಟೆಲ್, ಬಾವಿ, ರಸ್ತೆಗಳ ಹೆಸರು ಹೇಳುತ್ತದೆ, ಬಾಡಿಗೆ ಮನೆಯದ್ದಲ್ಲ. 2005ರಲ್ಲಿ ಅಹಮದಾಬಾದಿನ ಪಾರ್ಸಿ ಸೊಸೈಟಿಯೊಂದರ ಪ್ರಕರಣದಲ್ಲಿ, ಸದಸ್ಯತ್ವ ಪಾರ್ಸಿಗಳಿಗೆ ಮಾತ್ರ ಅನ್ನುವ ನಿಯಮವನ್ನು ಸುಪ್ರೀಂ ಕೋರ್ಟೇ ಎತ್ತಿಹಿಡಿಯಿತು. ಆದರೆ ಜಾತಿ ಹಿಡಿದು ಬೈದರೆ, ಅವಮಾನ ಮಾಡಿದರೆ ಮಾತು ಬೇರೆ. ಬೇರೆ ರಾಜ್ಯದ ಪರಿಶಿಷ್ಟ ಜಾತಿ, ಪಂಗಡದವರಿಗೂ ದೌರ್ಜನ್ಯ ತಡೆ ಕಾಯ್ದೆಯ ರಕ್ಷಣೆ ಇಲ್ಲಿ ಇದೆ ಅಂತ ಬಾಂಬೆ ಹೈಕೋರ್ಟ್ 2023ರಲ್ಲಿ ಹೇಳಿದೆ. ಮಣಿಪುರದ ಬುಡಕಟ್ಟಿನ ಹುಡುಗಿಗೂ ಯಲ್ಲಾಪುರದ ಸಿದ್ದಿ ಹುಡುಗನಿಗೂ ಅದು ಅನ್ವಯಿಸುತ್ತದೆ.

ಕಮಿಟಿಯವರ ಭಯ ಎಲ್ಲವೂ ನಾಟಕ ಅಂತ ನಾನು ಹೇಳುವುದಿಲ್ಲ. ವೀಸಾ ಮುಗಿದಿದ್ದರೆ ಅನ್ನುವ ಭಯವಾ? ಅದಕ್ಕೆ ದಾರಿ ಇದೆ. ವಿದೇಶಿಯರು ಬಂದ 24 ಗಂಟೆಯೊಳಗೆ ಮನೆ ಮಾಲೀಕರು ಅವರ ವಿವರದ ಸರ್ಕಾರಿ ಫಾರ್ಮ್ ತುಂಬಬೇಕು. ಬಾಡಿಗೆದಾರರ ವಿವರ ಪೊಲೀಸರಿಗೂ ಕೊಡಬೇಕು. ಗಲಾಟೆಯ ಭಯವಾ? ಹಾಗಾದರೆ ರಾತ್ರಿ ಹತ್ತರ ಮೇಲೆ ಸದ್ದು ಮಾಡಬಾರದು ಅಂತ ಬರೆಯಿರಿ, ಗಣಪತಿ ಮಂಡಳಿಗೂ ಸೇರಿಸಿ. ಮುಂದಿನ ಮೀಟಿಂಗಿನಲ್ಲಿ ಭಾಷಣ ಮಾಡಲು ಹೋಗಬೇಡಿ, 'ರೇಸಿಸಂ' ಅಂದರೆ ಎಲ್ಲರೂ ಎದ್ದು ನಿಲ್ಲುತ್ತಾರೆ. ನಿಯಮವನ್ನು ದೇಶದ ಹೆಸರಿಲ್ಲದೆ ಬರೆದು ಓದಿ ತೋರಿಸಿ, ಸಾಕು.

ಅದಕ್ಕೂ ಮೊದಲು ಕಳೆದ ತಿಂಗಳ ಮಿನಿಟ್ಸ್ ಬುಕ್ ತೆಗೆಯಿರಿ. ಸೆಕ್ರೆಟರಿ ನೀವೇ ಆದ್ದರಿಂದ ಬರೆದದ್ದೂ ನೀವೇ ಇರಬೇಕು. 'ಆಫ್ರಿಕನ್' ಅನ್ನುವ ಶಬ್ದ ಅಲ್ಲಿ ಇರಲಿಕ್ಕಿಲ್ಲ. 'ಸುರಕ್ಷತೆಯ ದೃಷ್ಟಿಯಿಂದ ವಿದೇಶಿಯರಿಗೆ ಬಾಡಿಗೆ ಬೇಡ' ಅಂತ ಏನೋ ಇರುತ್ತದೆ. ಇದ್ದರೆ, ಏಳನೇ ಮಹಡಿಯವರಿಗೆ ನೋಟಿಸ್ ಯಾವಾಗ ಕಳಿಸೋಣ ಅಂತ ಚೇರ್ಮನ್ನರನ್ನು ಕೇಳಿ ನೋಡಿ.